ಗದಗಿನಲ್ಲಿ ಕುಳಿತು ಥಾರ್ ಓದಿದ್ದು

ಹೋಳಿಗೆಗೆಂದು ಬೇಯಿಸಿದ ಬೇಳೆಯ ಕಟ್ಟನ್ನು ಚೆಲ್ಲುವುದು ನಮ್ಮ ಅವ್ವನ ಲೆಕ್ಕದಲ್ಲಿ ಪಾಪ. ಅದು ಕಟ್ಟಿನ ಸಾರೇ ಆಗಬೇಕು. ಅಂಥ ಮನೆಯಲ್ಲಿ ಬೆಳೆದ ನಾನು, ರಾಜಸ್ಥಾನಿ ಅಡುಗೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಮೊದಲ ಸಲ ಗಟ್ಟೆ ಮಾಡಿದ ದಿನ, ಕಡಲೆಹಿಟ್ಟಿನ ಸುರುಳಿಗಳನ್ನು ಬೇಯಿಸಿದ ನೀರನ್ನು ಬಚ್ಚಲಿಗೆ ಸುರಿದೆ. ನೀರನ್ನು ತೆಗೆದಿಡಬೇಕು ಎಂಬ ಸಾಲು ಪುಸ್ತಕದಲ್ಲಿತ್ತು. ಏಕೆ ಎಂಬುದು ಇರಲಿಲ್ಲ. ಆ ಕಾರಣ ನನಗೆ ಸಿಕ್ಕಿದ್ದು ಮೂರು ತಿಂಗಳ ನಂತರ, ಅಡುಗೆಯ ಮಾತೇ ಇಲ್ಲದ ಇನ್ನೊಂದು ಪುಸ್ತಕದಲ್ಲಿ. ಥಾರ್ ಮರುಭೂಮಿಯ ಬಗೆಗಿನ ಪುಸ್ತಕಗಳನ್ನು ಹೇಗೆ ಓದಬೇಕೆಂದು ನಾನು ಕಲಿಯತೊಡಗಿದ್ದು ಅಲ್ಲಿಂದ.

ನಾನು ಗದಗಿನಲ್ಲಿ ಹಿಂದಿ ಶಿಕ್ಷಕಿಯಾಗಿದ್ದವಳು. ನಿವೃತ್ತಳಾದ ಮೇಲೆ ತಿಂಗಳಿಗೊಂದು ಭಾನುವಾರ ನಮ್ಮ ಪಡಸಾಲೆಯಲ್ಲಿ ಎಂಟು ಹತ್ತು ಜನ ಸೇರುತ್ತೇವೆ. ಹಿಂದಿಯದೋ ಇಂಗ್ಲಿಷಿನದೋ ಪುಸ್ತಕ ಕೈಯಲ್ಲಿ ಹಿಡಿದು ನಾನು ಅಲ್ಲಲ್ಲೇ ಕನ್ನಡ ಮಾಡಿ ಹೇಳುತ್ತಾ ಹೋಗುತ್ತೇನೆ. ಕೇಳುವವರಲ್ಲಿ ಇಬ್ಬರು ಕಾಲೇಜು ಹುಡುಗಿಯರು, ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದ ಒಬ್ಬರು, ನರಗುಂದದ ಕಡೆ ಎರೆಹೊಲ ಇರುವ ನಮ್ಮ ಕಾಕಾ. ಉಳಿದವರು ಓಣಿಯ ಹೆಣ್ಣುಮಕ್ಕಳು. ಮೊದಲೆಲ್ಲ ಕತೆ, ಕಾದಂಬರಿ ಓದುತ್ತಿದ್ದೆವು. ಮರುಭೂಮಿ ನಮ್ಮೊಳಗೆ ಬಂದದ್ದು ತಮ್ಮನ ಮಗಳ ಶಾಲೆಯ ಚೀಲದಿಂದ. ಕೇಂದ್ರ ಪಠ್ಯಕ್ರಮದ ಹನ್ನೊಂದನೇ ತರಗತಿಯ ಹಿಂದಿ ಪುಸ್ತಕದಲ್ಲಿ ಅನುಪಮ ಮಿಶ್ರ ಅವರ ಬರಹವೊಂದಿತ್ತು. ಜೈಸಲ್ಮೇರದ ಕಡೆ ತೋಡುವ ‘ಕುಂಈ’ ಎಂಬ ಕಿರುಬಾವಿಗಳ ಕುರಿತದ್ದು. ಅವಳಿಗೆ ಪಾಠ ಹೇಳಿಕೊಡಲು ಕುಳಿತವಳು ನಾನೇ ಅದರಲ್ಲಿ ಮುಳುಗಿದೆ. ಮೂಲ ಪುಸ್ತಕ ‘ರಾಜಸ್ಥಾನ್ ಕೀ ರಜತ್ ಬೂಂದೇ’, 1995ರದು. ತರಿಸಿಕೊಂಡೆ.

ಆದರೆ ಓದಲು ತೊಡಗಿದ್ದು ಅದನ್ನಲ್ಲ. ಹುರುಪಿನಲ್ಲಿ ಮೊದಲು ಕೊಂಡದ್ದು ದೊಡ್ಡ ಚಿತ್ರಗಳ ಎರಡು ಪುಸ್ತಕ ಮತ್ತು ಒಂದು ಅಡುಗೆ ಪುಸ್ತಕ. ಚಿತ್ರದ ಪುಸ್ತಕಗಳು ನನ್ನನ್ನು ತುಂಬ ನಿರಾಶೆಗೊಳಿಸಿದವು. ಪುಟ ತಿರುವಿದಷ್ಟೂ ಕೇಸರಿ ಬಣ್ಣದ ಮರಳು, ಸಾಲು ಒಂಟೆ, ಕೋಟೆ, ಸಂಜೆ. ಜಗತ್ತಿನ ಮರುಭೂಮಿಗಳಲ್ಲೇ ಹೆಚ್ಚು ದಟ್ಟವಾಗಿ ಜನ ಬದುಕುವ ನೆಲ ಥಾರ್. ಆ ಜನ ಏನು ಬಿತ್ತುತ್ತಾರೆ, ಯಾವ ನೀರು ಕುಡಿಯುತ್ತಾರೆ ಎಂಬ ಸುಳಿವೇ ಅಲ್ಲಿ ಇರಲಿಲ್ಲ. ಕಾಕಾ ಹತ್ತು ಪುಟ ನೋಡಿ, “ಹೊಲ ಎಲ್ಲಿದೆ ಮಗಳೇ?” ಎಂದು ಕೇಳಿ ಪುಸ್ತಕ ಮುಚ್ಚಿದರು. ಅವರ ಪ್ರಶ್ನೆಯನ್ನು ನಾನು ಅಳತೆಗೋಲು ಮಾಡಿಕೊಂಡಿದ್ದೇನೆ. ಮರುಭೂಮಿಯ ಯಾವ ಪುಸ್ತಕ ಕೈಗೆ ಬಂದರೂ ಮೊದಲು ಹೊಲ ಹುಡುಕುತ್ತೇನೆ, ಆಮೇಲೆ ಒಲೆ. ಎರಡೂ ಸಿಗದಿದ್ದರೆ ಕೊಳ್ಳುವುದಿಲ್ಲ.

ಅಡುಗೆ ಪುಸ್ತಕ ಬೇರೆಯೇ ಪೆಟ್ಟು ಕೊಟ್ಟಿತು. ಅದರಲ್ಲಿ ‘ಕೇರ್’ ಎಂಬ ಕಾಯಿಯ ಪಲ್ಯವಿತ್ತು. ಓದುವ ಭರದಲ್ಲಿ ‘ಕೇರಿನ ಪಲ್ಯ’ ಎಂದುಬಿಟ್ಟೆ. ಕೂಡಿದ್ದವರೆಲ್ಲ ಗಾಬರಿಯಾದರು. ನಮ್ಮ ಕೇರುಬೀಜದ ಹಾಲು ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಅದರಿಂದ. ಅಲ್ಲಿಯ ಕೇರ್ ಬೇರೆ: ಎಲೆಯೇ ಇಲ್ಲದಂತೆ ಕಾಣುವ ಮುಳ್ಳುಪೊದೆಯ ಬಟಾಣಿ ಗಾತ್ರದ ಕಾಯಿ. ಯಾರಾದರೂ ನನ್ನ ಮಾತು ನಂಬಿ ಮನೆಯಲ್ಲಿ ಏನಾದರೂ ಮಾಡಿದ್ದರೆ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಒಂದೊಂದು ಮನೆಗೂ ಹೋಗಿ ಹೇಳಿ ಬಂದೆ. ಗೊತ್ತಿಲ್ಲದ ಗಿಡದ ಹೆಸರನ್ನು ಸದ್ದು ಕೇಳಿ ಕನ್ನಡ ಮಾಡುವುದಿಲ್ಲ ಎಂದು ನಿಶ್ಚಯಿಸಿದೆ. ಮುಳ್ಳು ಹೇಗೆ, ಎಲೆ ಹೇಗೆ, ಕಾಯಿ ಹೇಗೆ ಎಂದು ಮೂರು ಗುರುತು ಬರೆದುಕೊಂಡು, ಅದಕ್ಕೆ ಹೊಂದುವ ಮರ ನಮ್ಮಲ್ಲಿ ಇದೆಯೇ ಎಂದು ತಿಳಿದವರನ್ನು ಕೇಳಿಯೇ ಮುಂದುವರಿಯಬೇಕು. ಅದಕ್ಕಾಗಿ ಇಟ್ಟ ನೋಟುಪುಸ್ತಕದಲ್ಲಿ ಈಗ ಇನ್ನೂರಕ್ಕೂ ಹೆಚ್ಚು ಪದಗಳಿವೆ.

ಅದಾದ ಮೇಲೆ ಓದಿದ್ದು ನೀರಿನ ಪುಸ್ತಕ. ಎಲ್ಲಕ್ಕಿಂತ ಮೊದಲು ಇದನ್ನೇ ಓದಬೇಕಾಗಿತ್ತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಗದಗಿನಲ್ಲಿ ಕುಳಿತು ನಾವು ಬರ ಎನ್ನುತ್ತೇವೆ. ಜೈಸಲ್ಮೇರದಲ್ಲಿ ಬೀಳುವುದು 200 ಮಿಲಿಮೀಟರಿಗೂ ಕಡಿಮೆ. ಅಲ್ಲಿಯವರು ನೀರನ್ನು ಮೂರಾಗಿ ವಿಂಗಡಿಸುತ್ತಾರೆ ಎಂದು ಮಿಶ್ರ ಬರೆಯುತ್ತಾರೆ: ಮಳೆಯಾಗಿ ಬಿದ್ದು ಹರಿಯುವ ‘ಪಾಲರ್ ಪಾನೀ’, ಆಳದಲ್ಲಿರುವ ‘ಪಾತಾಳ್ ಪಾನೀ’, ಇವೆರಡರ ನಡುವೆ ಮರಳಿನ ಕಣಗಳಲ್ಲಿ ತಂಗಿರುವ ‘ರೇಜಾಣೀ ಪಾನೀ’. ಪಾತಾಳದ ನೀರು ಅಲ್ಲಿ ಬಹುಪಾಲು ಉಪ್ಪು. ಕೆಲವು ಜಾಗಗಳಲ್ಲಿ ಮರಳಿನ ಕೆಳಗೆ ಖಡಿಯಾ ಪಟ್ಟಿ, ಎಂದರೆ ಜಿಪ್ಸಮ್ಮಿನ ಪದರ, ಅಡ್ಡ ಇದೆ. ಮಳೆಯ ಸಿಹಿನೀರು ಅದನ್ನು ದಾಟಿ ಉಪ್ಪುನೀರಿಗೆ ಸೇರುವುದಿಲ್ಲ; ಮರಳಿನಲ್ಲಿ ಪಸೆಯಾಗಿ ನಿಲ್ಲುತ್ತದೆ. ಕುಂಈ ತೋಡುವುದು ಆ ಪದರದವರೆಗೆ ಮಾತ್ರ. ಬಾಯಿ ಬಹಳ ಕಿರಿದು, ಒಬ್ಬನೇ ಇಳಿದು ಕುಕ್ಕರಗಾಲಿನಲ್ಲಿ ಕುಳಿತು ತೋಡುತ್ತಾನೆ. ಕೆಳಗೆ ಸೆಕೆಯಲ್ಲಿ ಅವನ ಉಸಿರು ಕಟ್ಟದಿರಲೆಂದು ಮೇಲೆ ನಿಂತವರು ಹಿಡಿ ಹಿಡಿಯಾಗಿ ಮರಳು ಎಸೆಯುತ್ತಾರೆ, ಅದರ ಜೊತೆ ತಂಪು ಗಾಳಿ ಕೆಳಗಿಳಿಯುತ್ತದೆ. ಇಷ್ಟು ಪಾಡುಪಟ್ಟ ಬಾವಿಯಲ್ಲಿ ಇಡೀ ದಿನಕ್ಕೆ ಜಿನುಗುವುದು ಎರಡು ಮೂರು ಕೊಡ.

ಇಲ್ಲಿಗೆ ಬಂದು ನಾನು ಓದು ನಿಲ್ಲಿಸಿದೆ. ಗಟ್ಟೆಯ ನೀರು ನೆನಪಾಯಿತು. ಆ ಸಾರಿನ ಮೈಗೆ ಬೇಯಿಸಿದ ನೀರನ್ನೇ ಹಾಕುತ್ತಾರೆ, ಹಿಟ್ಟನ್ನು ಮೊಸರಿನಲ್ಲಿ ಕಲಸುತ್ತಾರೆ, ತರಕಾರಿಯ ಬದಲು ಕಡಲೆಹಿಟ್ಟು, ಹಪ್ಪಳ, ಒಣಕಾಯಿ ಬಳಸುತ್ತಾರೆ. ಎರಡು ಕೊಡ ನೀರಿನ ಲೆಕ್ಕ ತಿಳಿಯದೆ ಆ ಅಡುಗೆ ಪುಸ್ತಕದ ಒಂದು ಪುಟವೂ ಅರ್ಥವಾಗುವುದಿಲ್ಲ. ಊಟದ ಪುಸ್ತಕ ಒಂದೆಡೆ, ನೆಲದ ಪುಸ್ತಕ ಒಂದೆಡೆ, ಹಾಡು ಹಬ್ಬಗಳ ಪುಸ್ತಕ ಇನ್ನೊಂದೆಡೆ ಎಂದು ನಾನು ಕಪಾಟಿನಲ್ಲಿ ಮೂರು ಸಾಲು ಮಾಡಿದ್ದೆ. ಅವತ್ತೇ ಕಲಸಿ ಇಟ್ಟೆ. ಅಲ್ಲಿಂದ ನಮ್ಮ ಪ್ರತಿ ಭಾನುವಾರವೂ ಹೀಗೆಯೇ ನಡೆಯುತ್ತದೆ: ನೀರು ಅಥವಾ ನೆಲದ ಒಂದು ಅಧ್ಯಾಯ, ಅದಕ್ಕೆ ಹೊಂದುವ ಒಂದು ಅಡುಗೆ, ಅದೇ ಸೀಮೆಯ ಒಂದು ಕತೆ. ವಿಜಯದಾನ ದೇಥಾ ಅವರು ‘ಬಾತಾಂ ರೀ ಫುಲವಾಡೀ’ ಎಂದು 14 ಸಂಪುಟಗಳಲ್ಲಿ ಜನಪದ ಕತೆಗಳನ್ನು ರಾಜಸ್ಥಾನಿಯಲ್ಲಿ ಬರೆದಿಟ್ಟಿದ್ದಾರೆ. ಹಿಂದಿಯಲ್ಲಿ ಸಿಕ್ಕಷ್ಟನ್ನು ನಾವು ಓದಿದ್ದೇವೆ, ಕತೆಗೆ ಎಂದೂ ಬರವಿಲ್ಲ.

‘ರೇಜಾಣೀ ಪಾನೀ’ಗೆ ಕನ್ನಡ ಹುಡುಕಿದ್ದು ಒಂದು ದೊಡ್ಡ ಕೆಲಸವೇ ಆಯಿತು. ನಿಘಂಟು ನೋಡಿ ‘ತೇವಾಂಶ’ ಎಂದೆ. ಯಾರಿಗೂ ಅದು ನಾಟಲಿಲ್ಲ. ಕಾಕಾ ಕೇಳಿದರು, “ಹಸಿ ಎನ್ನಬಾರದೇ?” ಹಿಂಗಾರಿ ಬಿತ್ತುವವರ ಮಾತು ಅದು. ಮಳೆ ನಿಂತ ಮೇಲೂ ಎರೆಯೊಳಗೆ ಉಳಿಯುವ ಹಸಿಯ ಮೇಲೆಯೇ ನಮ್ಮ ಬಿಳಿಜೋಳ, ಕಡಲೆ, ಕುಸುಬಿ ಬರುವುದು. ಮೇಲಿನಿಂದ ಒಂದು ಹನಿ ಬೀಳದಿದ್ದರೂ ತೆನೆ ಹಿಡಿಯುತ್ತದೆ. ಪದ ಸಿಕ್ಕಿತೆಂದು ನಾನು ಸಂತೋಷಪಟ್ಟರೆ, ಕಾಕಾ ಅಷ್ಟಕ್ಕೆ ಬಿಡಲಿಲ್ಲ. ಮರಳಿನಲ್ಲಿ ಹಸಿ ನಿಲ್ಲುವುದೆಂದರೆ ಹೇಗೆ, ಮರಳು ನೀರು ಹಿಡಿಯುವುದಿಲ್ಲವಲ್ಲ ಎಂದರು. ಉತ್ತರ ಪುಸ್ತಕದಲ್ಲೇ ಇತ್ತು. ಜಿಗುಟು ಮಣ್ಣು ಒಣಗಿದಾಗ ಕಣಕ್ಕೆ ಕಣ ಅಂಟಿ ಬಿರುಕು ಬಿಡುತ್ತದೆ, ಬಿರುಕಿನಿಂದ ಪಸೆ ಆವಿಯಾಗಿ ಹೋಗುತ್ತದೆ. ಮರಳಿನ ಕಣಗಳು ಬಿಡಿಬಿಡಿಯಾಗಿಯೇ ಇರುವುದರಿಂದ ಬಿರುಕು ಬಿಡುವುದಿಲ್ಲ, ಒಳಗಿನ ಪಸೆ ಒಳಗೇ ಉಳಿಯುತ್ತದೆ. ಇದನ್ನು ಓದಿದಾಗ ಕಾಕಾ ನೆಟ್ಟಗೆ ಕುಳಿತರು. “ಅದಕ್ಕೇ ಅಲ್ಲವೇ ನಾವು ಎಡೆ ಹೊಡೆಯುವುದು!” ಜೋಳ ಮೊಳಕಾಲುದ್ದ ಬಂದಾಗ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಾರೆ, ಮೇಲೆ ಪುಡಿಮಣ್ಣಿನ ಹೊದಿಕೆ ಆಗುತ್ತದೆ. ಮರುಭೂಮಿಯಲ್ಲಿ ಮರಳು ತಾನಾಗಿ ಮಾಡುವುದನ್ನು ಇಲ್ಲಿ ಎತ್ತು, ಕುಂಟೆ, ಮನುಷ್ಯ ಸೇರಿ ಮಾಡಬೇಕು. ಆ ದಿನದ ಓದು ಸಂಜೆ ಏಳಕ್ಕೆ ಮುಗಿಯಬೇಕಿದ್ದದ್ದು ಒಂಬತ್ತಾದರೂ ಮುಗಿಯಲಿಲ್ಲ. ಜೈಸಲ್ಮೇರದ ಪಾಲೀವಾಲ ಸಮುದಾಯದವರು ಕಲ್ಲುನೆಲದಿಂದ ಹರಿದ ಮಳೆನೀರನ್ನು ತಗ್ಗಿನಲ್ಲಿ ಒಡ್ಡು ಕಟ್ಟಿ ಹಿಡಿದು, ನೀರು ಇಂಗಿದ ಮೇಲೆ ಅದೇ ಹಸಿಯಲ್ಲಿ ಗೋಧಿ, ಕಡಲೆ ಬೆಳೆಯುವ ‘ಖಡೀನ್’ ಪದ್ಧತಿಯನ್ನು ಆಮೇಲೆ ಓದಿದಾಗ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಇನ್ನೊಂದು ಪುಸ್ತಕದ ಮಾತು ಹೇಳಲೇಬೇಕು. ಕೋಮಲ್ ಕೊಠಾರಿ ಅವರು ದೇಥಾ ಅವರೊಂದಿಗೆ 1960ರಲ್ಲಿ ಬೋರುಂದಾ ಗ್ರಾಮದಲ್ಲಿ ರೂಪಾಯನ್ ಸಂಸ್ಥಾನ ಕಟ್ಟಿದವರು, ಲಂಗಾ ಮತ್ತು ಮಾಂಗಣಿಯಾರ್ ಗಾಯಕರನ್ನು ಜಗತ್ತಿಗೆ ಕೇಳಿಸಿದವರು. ಅವರೊಂದಿಗೆ ರುಸ್ತಮ್ ಭರೂಚಾ ನಡೆಸಿದ ಮಾತುಕತೆ 2003ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂತು. ರಾಜಸ್ಥಾನವನ್ನು ರಾಜಮನೆತನಗಳ ಗಡಿಗಳಿಂದ ನೋಡಬೇಡಿ, ಜನ ತಿನ್ನುವ ಕಾಳಿನಿಂದ ನೋಡಿ ಎನ್ನುತ್ತಾರೆ ಕೊಠಾರಿ: ಸಜ್ಜೆಯ ಸೀಮೆ, ಜೋಳದ ಸೀಮೆ, ಗೋವಿನಜೋಳದ ಸೀಮೆ. ನನ್ನ ಓದಿನಲ್ಲಿ ಇದಕ್ಕಿಂತ ಫಲ ಕೊಟ್ಟ ವಿಚಾರ ಇನ್ನೊಂದಿಲ್ಲ. ಹುಡುಗಿಯರಿಬ್ಬರು ನಮ್ಮ ಕಡೆಯ ನಕಾಶೆ ಹಾಸಿ ಕಾಳು ಗುರುತಿಸಲು ಕುಳಿತರು. ರೋಣ, ನರಗುಂದಕ್ಕೆ ಬಿಳಿಜೋಳ. ಕಲಘಟಗಿ, ಹಾನಗಲ್ಲಿಗೆ ಭತ್ತ. ಹಾವೇರಿ ಸುತ್ತ ಗೋವಿನಜೋಳ ಎಂದು ಬರೆದು ನಿಂತರು, ಏಕೆಂದರೆ ಅದು ಬೆಳೆಯುವ ಕಾಳು, ತಿನ್ನುವ ಕಾಳಲ್ಲ. ಬಹುಪಾಲು ಮಾರಾಟಕ್ಕೇ ಹೋಗುತ್ತದೆ. ಹೊಲದ ನಕಾಶೆಯೂ ಒಲೆಯ ನಕಾಶೆಯೂ ಬೇರೆಯಾದ ಊರು ಅದು. ಕೊಠಾರಿ ಅವರ ಮಾತು ಅಲ್ಲಿ ಹೇಗೆ ಅನ್ವಯಿಸಬೇಕು ಎಂದು ನಾವು ಇನ್ನೂ ಚರ್ಚಿಸುತ್ತಿದ್ದೇವೆ.

ಅಡುಗೆಯಲ್ಲಿ ನಮಗೆ ಗುರುವಾಗಿ ಸಿಕ್ಕವರು ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಾರವಾಡಿ ಕುಟುಂಬವೊಂದರ ಹಿರಿಯರು. ಬಾಡಮೇರದಿಂದ ಸೊಸೆಯಾಗಿ ಬಂದು ಐವತ್ತು ವರ್ಷವಾಯಿತು. ಎಲ್ಲರಂತೆ ನಾನೂ ‘ಮಾಜಿ’ ಎನ್ನುತ್ತೇನೆ. ನನ್ನ ಅಡುಗೆ ಪುಸ್ತಕ ಕೇಳಿಸಿಕೊಂಡು ಅವರು ಹೇಳಿದ ಮೊದಲ ತಿದ್ದುಪಡಿ: “ಕೇರ್ ಕಾಯಿಯನ್ನು ಒಂದು ರಾತ್ರಿ ನೆನೆಸಿದರೆ ಸಾಲದು ಬಾಯೀ. ಹಸಿಕಾಯಿಯಾದರೆ ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ದಿನಗಟ್ಟಲೆ ಇಡಬೇಕು, ನೀರು ಬದಲಿಸುತ್ತಿರಬೇಕು. ಆಗ ಕಹಿ ಹೋಗುತ್ತದೆ.” ಸಜ್ಜೆಹಿಟ್ಟು ಬೇಗ ಕಹಿಯಾಗುವುದರಿಂದ ಅವರ ತವರಿನಲ್ಲಿ ಅಂದಂದಿಗೆ ಬೀಸುತ್ತಿದ್ದರಂತೆ. ಸಜ್ಜೆಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಬಿಸಿಲಿಗಿಟ್ಟು ಹುಳಿಬರಿಸಿ, ಸಣ್ಣ ಉರಿಯಲ್ಲಿ ಕಾಯಿಸುವ ‘ರಾಬ್’ ಅವರು ಮಾಡಿ ಬಡಿಸಿದಾಗ ನಮ್ಮ ಓಣಿಯವರೊಬ್ಬರು ಒಂದು ಗುಟುಕು ಕುಡಿದು, “ಇದು ನಮ್ಮ ಅಂಬಲಿ” ಎಂದರು. ಮಾಜಿಗೆ ಬಹಳ ಸಂತೋಷವಾಯಿತು. ‘ಪಂಚಕೂಟ’ ಎಂಬ ಒಣಕಾಯಿಗಳ ಪಲ್ಯದ ಐದು ಪದಾರ್ಥಗಳಲ್ಲಿ ಒಂದಾದ ಗೂಂದಾ ನಮ್ಮ ಚಳ್ಳೆಹಣ್ಣೇ ಎಂಬುದನ್ನು ನಾವು ಅವರ ಡಬ್ಬಿ ತೆರೆದು ನೋಡಿ ಕಂಡುಕೊಂಡೆವು.

ಸಾಂಗರಿ ಗೊತ್ತಾದದ್ದು ಹಾಗೆಯೇ. ಕಡುಕಂದು ಬಣ್ಣದ ಒಣಕಡ್ಡಿಗಳಂತೆ ಇರುವ ಈ ಕಾಯಿ ಖೇಜಡಿ ಮರದ್ದು, ರಾಜಸ್ಥಾನದ ರಾಜ್ಯವೃಕ್ಷದ್ದು. ಎಳೆಯದಿದ್ದಾಗ ಕಿತ್ತು ಬೇಯಿಸಿ ಒಣಗಿಸುತ್ತಾರೆ. ಬಿಟ್ಟರೆ ಬಲಿತು ಸಿಹಿಯಾಗುತ್ತದೆ, ಮಕ್ಕಳು ಅದನ್ನು ‘ಖೋಖಾ’ ಎಂದು ಮೆಲ್ಲುತ್ತಾರೆ. ಗಿಡದ ಗುರುತುಗಳನ್ನು ನೋಟುಪುಸ್ತಕದಲ್ಲಿ ಹೊಂದಿಸಿದಾಗ ತಿಳಿಯಿತು: ಖೇಜಡಿ ಎಂದರೆ ಶಮಿ, ಶಮಿ ಎಂದರೆ ಬನ್ನಿ. ದಸರೆಗೆ ಎಲೆ ಕೊಟ್ಟು ಬಂಗಾರವೆಂದು ಹಂಚುವ ಬನ್ನಿ. ಅದಕ್ಕೂ ಮುಂಚೆ ಒಂದು ಸಲ ನಾನು ಜೋಧಪುರದ ಸಮೀಪದ ಖೇಜಡಲಿಯ ಕತೆ ಓದಿದ್ದೆ. 1730ರಲ್ಲಿ ರಾಜನ ಆಳುಗಳು ಮರ ಕಡಿಯಲು ಬಂದಾಗ ಅಮೃತಾದೇವಿ ಮರ ತಬ್ಬಿ ನಿಂತು ತಲೆ ಕೊಟ್ಟದ್ದು, ಮರ, ಪ್ರಾಣಿಗಳನ್ನು ಕಾಯುವುದೇ ಧರ್ಮವೆನ್ನುವ ಬಿಷ್ಣೋಯಿ ಪಂಥದ ಒಟ್ಟು 363 ಜನ ಪ್ರಾಣ ಬಿಟ್ಟದ್ದು. ಆಗ ‘ಖೇಜಡಿ ಮರ’ ಎಂದೇ ಹೇಳಿದ್ದೆ. ಎಲ್ಲರೂ ಕೇಳಿ ತಲೆದೂಗಿದ್ದರು, ಅಷ್ಟೇ. ಅರ್ಥ ತಿಳಿದ ಮೇಲೆ ಅದನ್ನೇ ಇನ್ನೊಮ್ಮೆ ಓದಿದೆ, ‘ಬನ್ನಿಮರ’ ಎಂದು. ಯಾರೂ ಬಹಳ ಹೊತ್ತು ಮಾತಾಡಲಿಲ್ಲ. ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೀಗೆ ಒಂದೊಂದು ಪದ ನಮ್ಮದಾದಾಗಲೂ ಮರುಭೂಮಿ ಒಂದಿಷ್ಟು ಹತ್ತಿರ ಬಂದಿದೆ. ರಾಜಸ್ಥಾನದ ರಾಜ್ಯಪಕ್ಷಿ ಗೋಡಾವಣ, ಒಂದು ಕಾಲಕ್ಕೆ ರಾಣೆಬೆನ್ನೂರಿನ ಬಯಲಿನಲ್ಲಿ ಕಾಣುತ್ತಿದ್ದ ನಮ್ಮ ಎರೆಭೂತವೇ. ಬಿಷ್ಣೋಯಿಗಳು ಕಾಯುವ ಕೃಷ್ಣಮೃಗ ನಮ್ಮ ಚಿಗರಿ. ಮನೆಮನೆಯ ವಂಶಾವಳಿ ಬರೆದಿಡುವ ಅಲ್ಲಿಯ ಭಾಟರ ವಿಷಯ ಓದುವಾಗ ಎತ್ತು ಹೊಡೆದುಕೊಂಡು ಬರುವ ಹೆಳವರು ಎಲ್ಲರಿಗೂ ನೆನಪಾದರು.

ಕಳೆದ ಬೇಸಿಗೆಯಲ್ಲಿ ಕಾಕಾನ ಹೊಲದ ಬದುವಿನ ಬನ್ನಿಯಿಂದ ನಾವೇ ಸಾಂಗರಿ ಮಾಡಲು ಹೊರಟೆವು. ನಮ್ಮಲ್ಲಿ ಬನ್ನಿ ಎಂದು ಕರೆಯುವುದು ಒಂದೇ ಮರವನ್ನಲ್ಲ. ಚಪ್ಪಟೆ ಕಾಯಿಯ ಇನ್ನೊಂದಕ್ಕೂ ಅದೇ ಹೆಸರಿದೆ. ಬಳ್ಳಾರಿ ಜಾಲಿಯ ಕಾಯಿಯೂ ಕಣ್ಣಿಗೆ ಮೋಸ ಮಾಡಬಹುದು. ಆದ್ದರಿಂದ ಮುಳ್ಳು, ಎಲೆ, ಹುರಿಯಂತೆ ತೆಳ್ಳಗೆ ಜೋತುಬಿದ್ದ ಕಾಯಿ ಎಲ್ಲವನ್ನೂ ಸಸ್ಯಶಾಸ್ತ್ರ ಓದಿದವರಿಗೆ ತೋರಿಸಿ ಖಚಿತಪಡಿಸಿಕೊಂಡೆ. ಒಂದು ಬುಟ್ಟಿ ಬಿಡಿಸಿ, ಉಪ್ಪು ಹಾಕಿ ಕುದಿಸಿ, ಮಾಳಿಗೆಯ ಮೇಲೆ ಸೀರೆ ಹಾಸಿ ನಾಲ್ಕು ದಿನ ಒಣಗಿಸಿದೆವು. ಒಣಗಿದ ಮೇಲೆ ಎರಡು ಹಿಡಿ ಉಳಿಯಿತು. ಹುಬ್ಬಳ್ಳಿಗೆ ಒಯ್ದು ಮಾಜಿಯ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದು ಕಾಯಿ ಮುರಿದು, ಮೂಸಿ, ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

“ಸಾಂಗರಿಯೇ,” ಎಂದರು. “ಆದರೆ ಒಂದು ವಾರ ತಡವಾಗಿ ಕಿತ್ತಿದ್ದೀರಿ. ಒಳಗೆ ಬೀಜ ಬಲಿತಿದೆ. ಮುಂದಿನ ವರ್ಷ ನನ್ನನ್ನು ಕರೆದುಕೊಂಡು ಹೋಗಿ, ಮರ ನೋಡಿ ದಿನ ಹೇಳುತ್ತೇನೆ.”