ಮನೆ, ಮನೆಗೆ, ಮನೆಯಿಂದ: ನಾನು ಟರ್ಮ್ ಪೇಪರ್ ಬರೆದ ಬಗೆ

ಡೇಟಾ ಸ್ಟ್ರಕ್ಚರ್ಸ್ (ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ರಚನೆಗಳು) ವಿಷಯಕ್ಕೆ ಟರ್ಮ್ ಪೇಪರ್ ಬರೆಯಿರಿ ಅಂದಾಗ ಕ್ಲಾಸಿನ ಹೆಚ್ಚಿನವರು ಸಾರ್ಟಿಂಗ್ (ಕ್ರಮವಾಗಿ ಜೋಡಿಸುವ) ಅಲ್ಗಾರಿದಮ್‌ಗಳ ಹೋಲಿಕೆಗೆ ಕೈಹಾಕಿದರು. ನನಗೆ ಅದು ಬೇಡವಾಗಿತ್ತು. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಸಾರ್ಟಿಂಗ್ ವಿಧಾನವಾದ ಕ್ವಿಕ್‌ಸಾರ್ಟ್ ಪ್ರಕಟಿಸಿದ್ದು 1961ರಲ್ಲಿ. ಅಂದಿನಿಂದ ಅದನ್ನು ಎಷ್ಟು ಜನ ಅಳೆದಿದ್ದಾರೋ! ನನ್ನ ಲ್ಯಾಪ್‌ಟಾಪಿನಲ್ಲೇ ಉತ್ತರ ಸಿಗುವಂಥ, ಉತ್ತರ ಮೊದಲೇ ಗೊತ್ತಿಲ್ಲದ ಒಂದು ಸಣ್ಣ ಪ್ರಶ್ನೆ ಬೇಕಿತ್ತು.

ಪ್ರಶ್ನೆ ಸಿಕ್ಕಿದ್ದು ಮೊಬೈಲ್ ಕೀಬೋರ್ಡಿನಿಂದ. ಎರಡಕ್ಷರ ಒತ್ತಿದರೆ ಪೂರ್ತಿ ಪದ ಸೂಚಿಸುತ್ತದಲ್ವಾ, ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು ಟ್ರೈ ಎಂಬ ಪದಗಳ ಮರ. ಒಂದೇ ಥರ ಶುರುವಾಗುವ ಪದಗಳಿಗೆ ಅದರಲ್ಲಿ ಶುರುವಿನ ದಾರಿ ಒಂದೇ. ಕನ್ನಡ ಪದಗಳನ್ನು ಹೀಗೆ ಇಡುವಾಗ ಒಂದು ನೋಡ್ (ಮರದ ಒಂದು ಗೆಣ್ಣು) ಅಂದರೆ ಏನು? ಒಂದು ಬೈಟಾ, ಒಂದು ಯೂನಿಕೋಡ್ ಕೋಡ್ ಪಾಯಿಂಟಾ (ಪ್ರತಿ ಮೂಲಾಕ್ಷರಕ್ಕೂ ಗುಣಿತ ಚಿಹ್ನೆಗೂ ಕೊಟ್ಟ ಸಂಖ್ಯೆ), ಇಡೀ ಅಕ್ಷರವಾ? ಪೇಪರಿಗೆ ಇಷ್ಟೇ ಪ್ರಶ್ನೆ ಇಟ್ಟುಕೊಂಡೆ.

ಹಳೆಯ ಪೇಪರುಗಳನ್ನು ಓದುವಾಗ ಸಾರಾಂಶ, ಆಮೇಲೆ ಫಲಿತಾಂಶದ ಪಟ್ಟಿ, ಬೇಕೆನಿಸಿದರೆ ಮಾತ್ರ ನಡುವಿನದ್ದು, ಹೀಗೆ ಓದಿದೆ. ರೆನೆ ದ ಲಾ ಬ್ರಿಯಾಂಡೆ 1959ರಲ್ಲಿ, ಎಡ್ವರ್ಡ್ ಫ್ರೆಡ್ಕಿನ್ 1960ರಲ್ಲಿ ಟ್ರೈ ಬಗ್ಗೆ ಬರೆದಿದ್ದರು. 1968ರಲ್ಲಿ ಡೊನಾಲ್ಡ್ ಮಾರಿಸನ್ ಕವಲಿಲ್ಲದ ದಾರಿಗಳನ್ನು ಕುಗ್ಗಿಸುವ ಪೆಟ್ರಿಷಿಯಾ ತಂದರು. 1997ರಲ್ಲಿ ಬೆಂಟ್ಲಿ ಮತ್ತು ಸೆಡ್ಜ್‌ವಿಕ್ ಅವರ ಪ್ರತಿ ನೋಡಿಗೂ ಮೂರೇ ಕವಲುಗಳಿರುವ ಟರ್ನರಿ ಸರ್ಚ್ ಟ್ರೀ ಬಂತು. ನನ್ನ ಪ್ರಶ್ನೆಗೆ ಬೇಕಾದವು ಇವೇ. ಮಿಕ್ಕಿದ್ದನ್ನೆಲ್ಲ ಸುಮ್ನೆ ತುಂಬಿಸಲು ಹೋಗಲಿಲ್ಲ.

ಕೋಡ್ ಬರೆಯುವ ಮೊದಲು ನಾಲ್ಕು ಪದ ತೆಗೆದುಕೊಂಡು ಕಾಗದದ ಮೇಲೆ ಮರ ಬಿಡಿಸಿದೆ: ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ. ಒಟ್ಟು 23 ಕೋಡ್ ಪಾಯಿಂಟ್. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಕೋಡ್ ಪಾಯಿಂಟಿಗೂ ಮೂರು ಬೈಟ್, ಅಂದರೆ ಒಟ್ಟು 69 ಬೈಟ್. ಬೇರನ್ನು ಬಿಟ್ಟು ಎಣಿಸಿದರೆ ಬೈಟ್ ಲೆಕ್ಕದ ಮರಕ್ಕೆ 35 ನೋಡ್, ಕೋಡ್ ಪಾಯಿಂಟ್ ಮರಕ್ಕೆ 13, ಅಕ್ಷರದ ಮರಕ್ಕೆ ಬರೀ 7. ಕನ್ನಡದ ಯೂನಿಕೋಡ್ ಬ್ಲಾಕಿನಲ್ಲಿ 128 ಜಾಗಗಳಿವೆ. ಪ್ರತಿ ನೋಡಿನಲ್ಲೂ ಅಷ್ಟು ಪಾಯಿಂಟರ್ (ಮುಂದಿನ ನೋಡ್ ಎಲ್ಲಿದೆ ಎಂದು ಹೇಳುವ ವಿಳಾಸ) ಇಟ್ಟರೆ, ಒಂದಕ್ಕೆ 8 ಬೈಟಿನಂತೆ ನೋಡಿಗೆ 1 ಕೆಬಿ ಆಗುತ್ತದೆ. 69 ಬೈಟಿನ ಪದಗಳನ್ನು ಇಡಲು 13 ಕೆಬಿ! ಆ ಪಾಯಿಂಟರುಗಳಲ್ಲಿ ಹೆಚ್ಚಿನವು ಖಾಲಿ. ಪೆಟ್ರಿಷಿಯಾ ಯಾಕೆ ಬೇಕಾಯಿತು ಅನ್ನುವುದು ನನಗೆ ಪೂರ್ತಿ ತಲೆಗೆ ಹತ್ತಿದ್ದು ಈ ಲೆಕ್ಕದಿಂದ. ಚಿತ್ರವನ್ನು ಹಾಗೇ ಪೇಪರಿಗೂ ಹಾಕಿದೆ.

7 ನೋಡ್ ನೋಡಿದರೆ ಅಕ್ಷರದ ಮರವೇ ಗೆದ್ದಿತು ಅನ್ನಿಸುತ್ತದೆ. ಆದರೆ ‘ಮನೆಯ’ ಎಂದು ಟೈಪ್ ಮಾಡಿ ನಿಲ್ಲಿಸಿ. ಅಕ್ಷರದ ಮರದಲ್ಲಿ ‘ಯ’ ಒಂದು ಕವಲು, ‘ಯಿಂ’ ಬೇರೆಯೇ ಕವಲು. ಹಾಗಾಗಿ ಮನೆಯಲ್ಲಿ ಸಿಗುತ್ತದೆ, ಮನೆಯಿಂದ ಸಿಗುವುದಿಲ್ಲ. ಟೈಪ್ ಮಾಡುವವರ ಬೆರಳು ಅಕ್ಷರದ ಮಧ್ಯೆಯೂ ನಿಲ್ಲುತ್ತದೆ. ಜಾಗ ಉಳಿಸಿ ಕೆಲಸವನ್ನೇ ಕೆಡಿಸುವ ರಚನೆ ಕೀಬೋರ್ಡಿಗೆ ಆಗಿಬರುವುದಿಲ್ಲ. ಪೇಪರಿನ ತಿರುಳು ಇದೇ ಆಯಿತು. ಹೆಜ್ಜೆಗಳು ಹೇಗೆ ಬೆಳೆಯುತ್ತವೆ ಎಂದು ಅಂದಾಜಿಸುವ ಬಿಗ್ ಓ ಪ್ರಕಾರ ಮೂರೂ ಮರಗಳಲ್ಲಿ ಹುಡುಕಾಟಕ್ಕೆ ಹಿಡಿಯುವುದು ಪದದ ಉದ್ದದಷ್ಟು ಹೆಜ್ಜೆ, ಅಷ್ಟೇ. ಈ ವ್ಯತ್ಯಾಸ ಅಲ್ಲಿ ಕಾಣುವುದೇ ಇಲ್ಲ.

ಪದಗಳನ್ನು ಕನ್ನಡ ವಿಕಿಪೀಡಿಯಾದ ಡಂಪಿನಿಂದ ತೆಗೆದೆ. ಅದು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಕಡತ, ಆದ್ದರಿಂದ ಬೇರೆಯವರೂ ನನ್ನ ಪ್ರಯೋಗ ಮಾಡಿ ನೋಡಬಹುದು. ತಲೆ ತಿಂದದ್ದು ಪದಗಳ ಶುದ್ಧೀಕರಣ. ‘ಸಾಫ್ಟ್‌ವೇರ್’ ಪದದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಒತ್ತಕ್ಷರ ಆಗದಂತೆ ತಡೆಯುವುದು. ಅದು ಕನ್ನಡ ಬ್ಲಾಕಿನಲ್ಲಿಲ್ಲ. ನೋಡಿನ 128 ಪಾಯಿಂಟರುಗಳ ಸಾಲಾದ ಅರೇಗೆ ಅದನ್ನು ಹಾಗೇ ಕೊಟ್ಟರೆ ಪ್ರೋಗ್ರಾಂ ಗಡಿ ದಾಟುತ್ತದೆ. ಇನ್ನೊಂದು, ‘ೊ’ ಒಂದೇ ಕೋಡ್ ಪಾಯಿಂಟ್ ಆಗಿಯೂ ಬರಬಹುದು, ‘ೆ’ ಮತ್ತು ‘ೂ’ ಸೇರಿಯೂ ಬರಬಹುದು. ನೋಡಲು ಒಂದೇ, ಮರದಲ್ಲಿ ಎರಡು. ಯೂನಿಕೋಡ್ ನಾರ್ಮಲೈಸೇಷನ್ ಮಾಡಿ ಎಲ್ಲವನ್ನೂ ಒಂದೇ ರೂಪಕ್ಕೆ ತಂದೆ. ಆ ಅಡಗಿದ ಚಿಹ್ನೆಗೆ ಅರೇಯಲ್ಲಿ ಬೇರೆ ಜಾಗ ಕೊಟ್ಟೆ. ಇವೆರಡನ್ನೂ ವಿಧಾನದ ಭಾಗದಲ್ಲಿ ಬಿಡದೆ ಬರೆದೆ. ಪರೀಕ್ಷಕರು ಜಾಸ್ತಿ ಕೇಳಿದ್ದೂ ಅದನ್ನೇ.

ಮೆಮೊರಿ ಅಳೆಯಲು ಸಿ ಭಾಷೆ ಹಿಡಿದೆ. ಪೈಥಾನಿನ ಗೆಟ್‌ಸೈಜ್‌ಆಫ್ (ಗಾತ್ರ ಹೇಳುವ ಸೌಲಭ್ಯ) ಮರವನ್ನು ಡಿಕ್ಷನರಿಗಳಲ್ಲಿಟ್ಟರೆ ಹೊರಗಿನ ಡಿಕ್ಷನರಿಯ ಗಾತ್ರ ಮಾತ್ರ ಹೇಳುತ್ತದೆ, ಒಳಗಿರುವುದನ್ನು ಕೂಡಿಸುವುದಿಲ್ಲ. ಸಮಯಕ್ಕೆ ಒಂದೇ ಓಟ ನಂಬದೆ ಹಲವು ಸಲ ಓಡಿಸಿ ಮಧ್ಯದ ಬೆಲೆ ತೆಗೆದುಕೊಂಡೆ.

ಬರೆಯುವಾಗ ಪಟ್ಟಿ, ಚಿತ್ರಗಳಿಂದ ಶುರು ಮಾಡಿದೆ. ಆಮೇಲೆ ಅವುಗಳ ವಿವರಣೆ, ವಿಧಾನ, ಕೊನೆಗೆ ಪೀಠಿಕೆ. ಪೀಠಿಕೆಯನ್ನು ಮೊದಲು ಬರೆಯಲು ಕೂತವರು ‘ಇಂದಿನ ಡಿಜಿಟಲ್ ಯುಗದಲ್ಲಿ’ ಎಂದೇ ಶುರು ಮಾಡುತ್ತಾರೆ. ಏನು ಹೇಳಲಿದ್ದೇವೆ ಅಂತ ಅವರಿಗೇ ಇನ್ನೂ ಗೊತ್ತಿರುವುದಿಲ್ಲ, ಪಾಪ.

‘ಮುಂದಿನ ಕೆಲಸ’ ಎಂಬ ಭಾಗಕ್ಕೆ ಒಂದನ್ನು ಬಿಟ್ಟುಕೊಟ್ಟೆ. ಮನೆಗೆ, ಮನೆಯಲ್ಲಿ, ಮನೆಯಿಂದ ಇದ್ದ ಹಾಗೆ ಶಾಲೆಗೆ, ಶಾಲೆಯಲ್ಲಿ, ಶಾಲೆಯಿಂದ ಇವೆ. ಬಾಲ ಒಂದೇ ಆದರೂ ಟ್ರೈ ಅದನ್ನು ಪ್ರತಿ ಪದಕ್ಕೂ ಬೇರೆ ಬೇರೆ ಇಡುತ್ತದೆ. ಬಾಲಗಳನ್ನೂ ಹಂಚಿಕೊಳ್ಳುವ ರಚನೆ ಇದೆ. ಅದನ್ನು ಪದ ಸೇರಿಸುತ್ತಲೇ ಕಟ್ಟುವ ವಿಧಾನವನ್ನು ಡಾಚುಕ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದಾರೆ. ವಿಭಕ್ತಿ ಪ್ರತ್ಯಯಗಳಿಂದ ತುಂಬಿದ ಕನ್ನಡಕ್ಕೆ ಅದು ಎಷ್ಟು ಜಾಗ ಉಳಿಸುತ್ತದೆ ಅನ್ನುವುದೇ ಇನ್ನೊಂದು ಟರ್ಮ್ ಪೇಪರ್. ಯಾರಾದರೂ ಮಾಡುವುದಾದರೆ ಪದಗಳ ಪಟ್ಟಿಯನ್ನು ಮೊದಲು ನಾರ್ಮಲೈಸ್ ಮಾಡಿಕೊಳ್ಳಿ.