ವರ್ಷ ತುಂಬದ ಕೂಸಿಗೆ ಜೇನು ಬೇಡ: ಕಾರಣ, ಲಕ್ಷಣ, ಬದಲಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಾಣಂತಿ ಇರುವ ಎಷ್ಟೋ ಮನೆಗಳಲ್ಲಿ ಬಜೆ ತೇಯುವ ಕಲ್ಲಿನ ಪಕ್ಕ ಜೇನಿನ ಸೀಸೆ ಇರುತ್ತದೆ. ಮಾತು ಬೇಗ ಬರಲಿ, ಕಫ ಕರಗಲಿ ಅಂತ ಅಜ್ಜಿಯರು ಬೆರಳ ತುದಿಯಿಂದ ನೆಕ್ಕಿಸುತ್ತಾರೆ. ಅವರ ಅಕ್ಕರೆ ನಿಜ. ಆದರೂ 12 ತಿಂಗಳು ತುಂಬುವ ತನಕ ಒಂದು ತೊಟ್ಟೂ ಬೇಡ.

ಮಣ್ಣು, ಧೂಳಿನಲ್ಲಿರುವ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಜೇನಿನಲ್ಲೂ ಇರಬಹುದು. ದೊಡ್ಡವರ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಅವನ್ನು ಮೊಳೆಯಲು ಬಿಡುವುದಿಲ್ಲ. ಎಳೆಗೂಸಿಗೆ ಆ ಕಾವಲು ಇನ್ನೂ ಬಂದಿರುವುದಿಲ್ಲ. ಬೀಜಾಣು ಮೊಳೆತು ಬಿಡುವ ವಿಷ ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನೇ ತಡೆಯುತ್ತದೆ. ಕಾಯಿಲೆಯ ಹೆಸರು ಶಿಶು ಬೊಟುಲಿಸಂ. ಅಪರೂಪವೇ, ಆದರೆ ಬಂದರೆ ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಗಬಹುದು.

“ನಮ್ಮದು ಕಾಡಿನ ಶುದ್ಧ ಜೇನು” ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹೆಜ್ಜೇನಾಗಲಿ, ತುಡುವೆಯಾಗಲಿ, ಅಂಗಡಿಯ ಬಾಟಲಿಯಾಗಲಿ, ಯಾವುದರಲ್ಲೂ ಬೀಜಾಣು ಇರಬಹುದು. ಕುದಿಸಿದರೂ ಸಾಯುವುದಿಲ್ಲ, ಅದಕ್ಕೆ ಒತ್ತಡದ ಹಬೆಯಲ್ಲಿ 121 ಡಿಗ್ರಿ ಶಾಖ ಬೇಕು. ಹಾಗಾಗಿ ಜೇನು ಹಾಕಿ ಬೇಯಿಸಿದ ಬಿಸ್ಕತ್ತೂ ಬೇಡ.

ಗಮನಕ್ಕೆ ಬಾರದೆ ಹೋಗುವ ದಾರಿಗಳೂ ಇವೆ: ಜೇನಿನಲ್ಲಿ ತೇಯ್ದ ಬಜೆ ಮತ್ತು ಸುತ್ತುಮದ್ದು, ಪುಷ್ಯ ನಕ್ಷತ್ರದ ದಿನ ಹಾಕಿಸುವ ಸ್ವರ್ಣಪ್ರಾಶನದ ಹನಿ, ಚ್ಯವನಪ್ರಾಶ, ಹಾಲು ಕುಡಿಯಲಿ ಅಂತ ಮೊಲೆತೊಟ್ಟಿಗೆ ಸವರುವ ಜೇನು. ಹನಿ ಹಾಕಿಸುವ ಮುಂಚೆ ಒಳಗೆ ಜೇನಿದೆಯೇ ಎಂದು ಕೇಳಿ. ತಾಯಿ ತಾನು ಜೇನು ತಿಂದರೆ ತೊಂದರೆಯಿಲ್ಲ, ಎದೆಹಾಲಿನಲ್ಲಿ ಬೀಜಾಣು ಬರುವುದಿಲ್ಲ.

ಈಗಾಗಲೇ ನೆಕ್ಕಿಸಿದ್ದರೆ ವಾಂತಿ ಮಾಡಿಸಬೇಡಿ. ದಿನಾಂಕವನ್ನು ತಾಯಿ ಕಾರ್ಡಿನ ಹಿಂಬದಿ ಬರೆದಿಟ್ಟು ಒಂದು ತಿಂಗಳು ಗಮನಿಸಿ. ಸಾಮಾನ್ಯವಾಗಿ ಮೊದಲ ಲಕ್ಷಣ ಮಲಬದ್ಧತೆ. ಜನ ಎಡವುವುದೂ ಇಲ್ಲೇ: ಹರಳೆಣ್ಣೆ ಸವರಿದ ವೀಳ್ಯದೆಲೆ ತೊಟ್ಟು ಹಾಕಿ ದಿನ ದೂಡುತ್ತಾರೆ. ಎದೆಹಾಲು ಕುಡಿಯುವ ಮಗು ನಾಲ್ಕೈದು ದಿನ ಕಕ್ಕ ಮಾಡದಿರುವುದು ಸಹಜವೂ ಇರಬಹುದು. ಆದರೆ ಅದರ ಜೊತೆ ಹಾಲು ಚೀಪುವ ಬಲ ಕುಗ್ಗಿದರೆ, ಅಳು ಕ್ಷೀಣವಾದರೆ, ರೆಪ್ಪೆ ಇಳಿಬಿದ್ದರೆ, ನಿಲ್ಲುತ್ತಿದ್ದ ಕತ್ತು ಜೋಲಾಡಿದರೆ ತಡಮಾಡದೆ 108ಕ್ಕೆ ಕರೆ ಮಾಡಿ ಮಕ್ಕಳ ತಜ್ಞರಿರುವ ಆಸ್ಪತ್ರೆಗೆ ಹೋಗಿ. ಜ್ವರ ಬರದೇ ಇರಬಹುದು. ಜ್ವರವಿಲ್ಲ ಅಂತ ಕಾಯಬೇಡಿ.

ಡಾಕ್ಟರ ಮುಂದೆ ಜೇನಿನ ವಿಷಯ ಮುಚ್ಚಿಡಬೇಡಿ, ಅತ್ತೆ ಬೈಸಿಕೊಳ್ಳುತ್ತಾರೆ ಅಂತಲೂ ಸುಮ್ಮನಿರಬೇಡಿ. ಸೋಂಕು ಅಂದುಕೊಂಡು ಕೊಡುವ ಜೆಂಟಾಮೈಸಿನ್‌ನಂಥ ಔಷಧ ಈ ಕಾಯಿಲೆಯಲ್ಲಿ ಸ್ನಾಯುಗಳನ್ನು ಇನ್ನಷ್ಟು ಸೋಲಿಸುತ್ತದೆ.

ಶಾಸ್ತ್ರಕ್ಕೆ ನಾಲಿಗೆಗೆ ಏನಾದರೂ ಮುಟ್ಟಿಸಲೇಬೇಕೆಂದರೆ ಒಳಲೆಯಲ್ಲಿ ತಾಯಿಯ ಗಿಣ್ಣುಹಾಲಿನ ತೊಟ್ಟು ಸಾಕು. 6 ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಮೊಳಕೆ ಕಟ್ಟಿದ ರಾಗಿ ಹಿಟ್ಟು ಎರಡು ಚಮಚವನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸುತ್ತಾ ಬೇಯಿಸಿ. ಸಿಹಿಗೆ ಕಿವುಚಿದ ಬಾಳೆಹಣ್ಣು ಹಾಕಿ.

ವರ್ಷ ತುಂಬಿದ ಮೇಲೆ ರಾತ್ರಿ ಕೆಮ್ಮಿಗೆ ಅರ್ಧ ಟೀ ಚಮಚ ಜೇನು ಕೊಡಬಹುದು.