ಕದ್ರಿ ಪಾರ್ಕ್ ಬಳಿ ಸಂಸಾರ ಹೂಡುವ ಮುನ್ನ: ಮೇ ತಿಂಗಳ ನೀರು, ಜುಲೈ ತಿಂಗಳ ಗೋಡೆ

ಡಿಸೆಂಬರಿನಲ್ಲಿ ನೋಡಿದರೆ ಮಂಗಳೂರಿನ ಕದ್ರಿಯ ಎಲ್ಲ ಮನೆಗಳೂ ಚೆಂದ. ಬಿಸಿಲು ಹದವಾಗಿರುತ್ತದೆ, ಬಾವಿಯಲ್ಲಿ ನೀರಿರುತ್ತದೆ, ಗೋಡೆಗೆ ಹೊಸ ಬಣ್ಣ ಬಿದ್ದಿರುತ್ತದೆ. ಮನೆಯ ನಿಜವಾದ ಪರೀಕ್ಷೆ ಮೇ ಮತ್ತು ಜುಲೈಯಲ್ಲಿ. ಮಕ್ಕಳು ಮರಿ ಇರುವವರು ಈ ಎರಡು ತಿಂಗಳನ್ನು ತಲೆಯಲ್ಲಿಟ್ಟುಕೊಂಡೇ ಮನೆ ನೋಡಬೇಕು. ಪಾರ್ಕ್ ಎಷ್ಟು ಹತ್ತಿರ ಎಂಬ ಪ್ರಶ್ನೆ ಆಮೇಲಿನದು.

ಮೊದಲು ನೀರು

ಮಂಗಳೂರಿನ ನಳ್ಳಿ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷ ಅಲ್ಲಿನ ಮಟ್ಟ ಇಳಿಯುತ್ತದೆ, ನಗರದಲ್ಲಿ ಸರದಿ ಪ್ರಕಾರ ನೀರು ಬಿಡಲು ಶುರುವಾಗುತ್ತದೆ. 2016ರಲ್ಲಿ ಹಾಗಾಯಿತು, 2019ರಲ್ಲಿಯೂ ಆಯಿತು. ಆದ್ದರಿಂದ "ನೀರು ಉಂಟಾ?" ಎಂದಷ್ಟೇ ಕೇಳಿದರೆ ಸಾಲದು. ಸಂಪ್ ಎಷ್ಟು ಲೀಟರಿನದು, ಮೇಲಿನ ಟ್ಯಾಂಕ್ ಎಷ್ಟರದು, ಬಾವಿ ಇದ್ದರೆ ಮೇ ಕೊನೆಯಲ್ಲಿ ಎಷ್ಟು ಕೋಲು ನೀರು ಉಳಿಯುತ್ತದೆ ಎಂದು ಕೇಳಿ. ಮಾಲೀಕರ ಜೊತೆಗೆ ಪಕ್ಕದ ಮನೆಯವರನ್ನೂ ಕೇಳಿ.

ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ಕು ಜನರಿಗೆ 540 ಲೀಟರ್. 1,000 ಲೀಟರಿನ ಟ್ಯಾಂಕ್ ಮಾತ್ರ ಇದ್ದರೆ ಎರಡು ದಿನಕ್ಕೂ ಬರುವುದಿಲ್ಲ. ಅದರ ಜೊತೆ 2,000 ಲೀಟರಿನ ಸಂಪ್ ಇದ್ದರೆ ಐದು ದಿನ ತಳ್ಳಬಹುದು. ಫ್ಲ್ಯಾಟ್ ಆದರೆ ಸಂಪಿನ ಗಾತ್ರವನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ ನೋಡಿ: 20,000 ಲೀಟರ್ ಕೇಳಲು ದೊಡ್ಡದು, ಇಪ್ಪತ್ತು ಮನೆಗೆ ಹಂಚಿದರೆ ಸಿಗುವುದು ಸಾವಿರವೇ.

ಬಾವಿ ಇರುವ ಮನೆ ಸಿಕ್ಕಿದರೆ ಅದೃಷ್ಟ. ಆದರೆ ಬಾವಿಗೂ ಶೌಚದ ಗುಂಡಿಗೂ ಕನಿಷ್ಠ 15 ಮೀಟರ್ ಅಂತರ ಇರಲಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ನೀರು ಬೇಗ ಇಳಿಯುತ್ತದೆ, ಕೊಳಕೂ ಅಷ್ಟೇ ಬೇಗ ಇಳಿಯುತ್ತದೆ. ಮೊದಲ ಮಳೆ ಬಿದ್ದ ಮೇಲೆ ಬಾವಿ ನೀರಿನ ಬಣ್ಣವೋ ವಾಸನೆಯೋ ಬದಲಾದರೆ ಪರೀಕ್ಷೆಗೆ ಕೊಡಿ. ಕುಡಿಯುವ ನೀರನ್ನಂತೂ ಮಳೆಗಾಲ ಪೂರ್ತಿ ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿಯೇ ಇಳಿಸಿ. ನಲ್ಲಿಯ ಕೆಳಗೆ ಬೇಸಿನ್‌ನಲ್ಲಿ ಹಸಿರು ಕಲೆ ಕಂಡರೆ ಅದು ಪಾಚಿ ಆಗಿರಬೇಕೆಂದಿಲ್ಲ. ಮುರಕಲ್ಲಿನ ನೀರಿಗೆ ಹುಳಿಗುಣ ಹೆಚ್ಚು, ಅದು ಹಿತ್ತಾಳೆ, ತಾಮ್ರವನ್ನು ತಿನ್ನುತ್ತದೆ.

ಗೋಡೆ

ಇಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ಕಡಲ ಕಡೆಯಿಂದ ಬೀಸುವುದರಿಂದ ಪಶ್ಚಿಮ ಮತ್ತು ನೈಋತ್ಯದ ಗೋಡೆಗೆ ಮಳೆ ನೇರ ಹೊಡೆಯುತ್ತದೆ. ಮನೆ ನೋಡಲು ಹೋದಾಗ ಆ ಗೋಡೆಯನ್ನೇ ಮೊದಲು ನೋಡಿ. ಕಿಟಕಿಯ ಮೇಲೆ ಸಜ್ಜ ಇದೆಯೇ? ಕಿಟಕಿಯ ಮೂಲೆಗಳಲ್ಲಿ ಬಣ್ಣ ಉಬ್ಬಿದೆಯೇ? ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಿಳಿ ಉಪ್ಪು ಹೂಬಿಟ್ಟ ಹಾಗಿದೆಯೇ? ಗೋಡೆಯೊಳಗೇ ಕಟ್ಟಿದ ಕಪಾಟಿದ್ದರೆ ಬಾಗಿಲು ತೆಗೆದು ಮೂಸಿ ನೋಡಿ. ಹೊಸ ಬಣ್ಣ ಕಲೆಯನ್ನು ಮುಚ್ಚುತ್ತದೆ, ಬೂಷ್ಟಿನ ವಾಸನೆಯನ್ನು ಮುಚ್ಚುವುದಿಲ್ಲ.

ಅನುಮಾನ ಉಳಿದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕೂತಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ, ಅದನ್ನು ಮಾಲೀಕರೇ ಸರಿಮಾಡಿಸಬೇಕು. ಹನಿ ಹೊರಬದಿಯಲ್ಲಿದ್ದರೆ ಕೋಣೆಯ ಗಾಳಿಯ ತೇವ, ಕಿಟಕಿ ತೆರೆದು ಫ್ಯಾನ್ ಹಾಕಿದರೆ ಕಡಿಮೆಯಾಗುತ್ತದೆ.

ಮನೆ ಹೂಡಿದ ಮೇಲೆ ಗೋದ್ರೇಜ್ ಕಪಾಟು, ಮಂಚ, ಪುಸ್ತಕದ ಶೆಲ್ಫ್ ಎಲ್ಲವನ್ನೂ ಗೋಡೆಯಿಂದ ನಾಲ್ಕು ಇಂಚು ದೂರ ಇಡಿ. ಹಿಂದೆ ಗಾಳಿ ಆಡದಿದ್ದರೆ ಬೂಷ್ಟು ಬರುವುದು ಅಲ್ಲಿಯೇ. ಮೊದಲೆಲ್ಲ ಕಪಾಟಿನೊಳಗೆ ಬಲ್ಬ್ ಉರಿಸಿಡುತ್ತಿದ್ದುದು ಅದರ ಬಿಸಿಗಾಗಿ. ಎಲ್‌ಇಡಿ ಬಲ್ಬಿನಿಂದ ಆ ಕೆಲಸ ಆಗುವುದಿಲ್ಲ. ಅರೆ ಒಣಗಿದ ಯೂನಿಫಾರ್ಮನ್ನು ಯಾವ ಕಾರಣಕ್ಕೂ ಮಡಚಿ ಒಳಗಿಡಬೇಡಿ. ಬಟ್ಟೆ ಒಣಗಿಸಲು ಮಾಡಿನಡಿಯ ಜಾಗ ಇಲ್ಲದ ಮನೆಯನ್ನು, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ಮಗು ಇರುವವರು ಹಿಡಿಯದಿರುವುದೇ ಲೇಸು.

ಕದ್ರಿ ಗುಡ್ಡದ ಜಾಗ. ಇಳಿಜಾರಿನ ಬುಡದಲ್ಲಿರುವ ಮನೆಯಾದರೆ ಮೇಲಿನ ನೀರು ಯಾವ ತೋಡಿಗೆ ಹೋಗುತ್ತದೆ ಎಂದು ಕಣ್ಣಾರೆ ನೋಡಿ. ಕಂಪೌಂಡ್ ಗೋಡೆಯ ಬುಡದಲ್ಲಿ ನೀರು ಹೋಗುವ ತೂತುಗಳು ಮಣ್ಣು ಕಟ್ಟಿ ಮುಚ್ಚಿದ್ದರೆ ಮೇ ತಿಂಗಳಲ್ಲೇ ಬಿಡಿಸಿ. ಎತ್ತರದ ಗೋಡೆ ಮಳೆಯಲ್ಲಿ ಕುಸಿಯುವುದು ಹಿಂದೆ ಕಟ್ಟಿನಿಂತ ನೀರಿನ ಒತ್ತಡದಿಂದ. ಅಂಥ ಗೋಡೆಗೆ ತಾಗಿದ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಸೊಳ್ಳೆ

ಮಂಗಳೂರಿನಲ್ಲಿ ಮಲೇರಿಯಾ ಹಳೆಯ ಸಮಸ್ಯೆ. ನಗರದ ಮಲೇರಿಯಾ ಸೊಳ್ಳೆ ಚರಂಡಿಗಿಂತ ತಿಳಿನೀರಿನ ಟ್ಯಾಂಕ್‌ನಲ್ಲಿ, ಕಟ್ಟಡ ಏಳುತ್ತಿರುವಲ್ಲಿ ನಿಂತ ನೀರಿನಲ್ಲಿ ಹೆಚ್ಚು ಮೊಟ್ಟೆಯಿಡುತ್ತದೆ, ರಾತ್ರಿ ಕಚ್ಚುತ್ತದೆ. ಡೆಂಗಿಯದ್ದು ಹಗಲು ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಂದು ದಿನ ನಿಗದಿ ಮಾಡಿ: ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ತೆಂಗಿನ ಗೆರಟೆ, ಮಾಡಿಗೆ ಹೊದೆಸಿದ ಟಾರ್ಪಾಲಿನ ಮಡಿಕೆ, ಎಲ್ಲವನ್ನೂ ಒಣಗಿಸಿ. ಟ್ಯಾಂಕಿನ ಮುಚ್ಚಳ ಎಲ್ಲರೂ ನೋಡುತ್ತಾರೆ, ಓವರ್‌ಫ್ಲೋ ಪೈಪಿನ ಬಾಯಿ ಮರೆಯುತ್ತಾರೆ. ಅದಕ್ಕೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಪಾಲಿಕೆಗೆ ತಿಳಿಸಲು ಸಂಕೋಚ ಬೇಡ.

ಪಾರ್ಕ್

ದೂರವನ್ನು ಮ್ಯಾಪ್‌ನಲ್ಲಿ ಅಳೆಯಬೇಡಿ. ಮಗುವಿನ ಕೈ ಹಿಡಿದು ಸಂಜೆ ಐದೂವರೆಗೆ ನಡೆದು ನೋಡಿ. ಆರು ವರ್ಷದ ಮಗು ಹತ್ತು ಹನ್ನೆರಡು ನಿಮಿಷದಲ್ಲಿ ಸುಮಾರು 600 ಮೀಟರ್ ನಡೆಯುತ್ತದೆ. ಅದಕ್ಕಿಂತ ದೂರವಾದರೆ, ಅಥವಾ ನಂತೂರು, ಕೆಪಿಟಿ (ಕರ್ನಾಟಕ ಪಾಲಿಟೆಕ್ನಿಕ್) ಕಡೆಯಿಂದ ಹೆದ್ದಾರಿ ದಾಟಿ ಬರಬೇಕಾದರೆ, ದಿನಾ ಹೋಗುವ ಪಾರ್ಕ್ ತಿಂಗಳಿಗೊಮ್ಮೆ ಹೋಗುವ ಪಾರ್ಕ್ ಆಗಿಬಿಡುತ್ತದೆ.

ಸಣ್ಣ ಮಕ್ಕಳಿಗೆ ವಾರದ ದಿನಗಳ ಬೆಳಗ್ಗೆಯೇ ಒಳ್ಳೆಯದು. ಭಾನುವಾರ ಸಂಜೆ ಜನ, ವಾಹನ ಎರಡೂ ಜಾಸ್ತಿ. ಜನವರಿಯಲ್ಲಿ ಗಣರಾಜ್ಯೋತ್ಸವದ ಹೊತ್ತಿನ ಫಲಪುಷ್ಪ ಪ್ರದರ್ಶನಕ್ಕೂ, ಅದೇ ತಿಂಗಳ ಕದ್ರಿ ಮಂಜುನಾಥನ ಜಾತ್ರೆಗೂ ಊರೇ ಇತ್ತ ಹರಿದುಬರುತ್ತದೆ. ಆ ದಿನಗಳಲ್ಲಿ ಕಾರು ಹೊರತೆಗೆಯುವ ಕೆಲಸ ಮಧ್ಯಾಹ್ನದೊಳಗೆ ಮುಗಿಸಿ. ಮಳೆಗಾಲದಲ್ಲಿ ಇಂಟರ್‌ಲಾಕ್ ಮೇಲೆ ಪಾಚಿ ಕಟ್ಟುತ್ತದೆ, ಹವಾಯಿ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕಿಸಿ. ಗಾಳಿ ಬೀಸಿದರೆ ದೊಡ್ಡ ಮರದಡಿ ನಿಲ್ಲದೆ ಮನೆಗೆ ಹೊರಡಿ.

ಆಟದ ಜಾಗದಲ್ಲಿ ಮಗುವಿನ ಕಿವಿಗೆ ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಬೀಳುತ್ತವೆ. ಘಟ್ಟದ ಮೇಲಿಂದ ಬಂದವರು ಹೆದರಬೇಕಿಲ್ಲ, ಮಕ್ಕಳು ಬೇಗ ಕಲಿಯುತ್ತಾರೆ. ದೊಡ್ಡವರು ತುಳುವಿನಲ್ಲಿ "ಎಂಚ ಉಲ್ಲರ್?" (ಹೇಗಿದ್ದೀರಿ?) ಎಂದು ಕೇಳುವಷ್ಟು ಕಲಿತರೂ ಪಕ್ಕದ ಮನೆಯ ಬಾಗಿಲು ತೆರೆಯುತ್ತದೆ.

ಸಹಿ ಹಾಕುವಾಗ

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಏಕೆಂದರೆ ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಅದರಲ್ಲಿ ಮೂರು ವಿಷಯ ಬರೆಸಿ: ಮಾಡು ಮತ್ತು ಗೋಡೆ ಸೋರಿದರೆ ರಿಪೇರಿ ಯಾರದು, ಟ್ಯಾಂಕರ್ ನೀರು ತರಿಸಿದರೆ ಹಣ ಯಾರದು, ಬಿಡುವಾಗ ಬಣ್ಣದ ಬಾಬ್ತು ಎಷ್ಟು ಮುರಿದುಕೊಳ್ಳುತ್ತಾರೆ. ಅಂಗಳದಲ್ಲಿ ತೆಂಗಿನ ಮರವಿದ್ದರೆ ಕಾಯಿ ಯಾರಿಗೆ, ಕೊಯ್ಯಿಸುವವರು ಯಾರು ಎಂಬುದನ್ನೂ ಮಾತಾಡಿ. ಒಂದೂವರೆ ಎರಡು ತಿಂಗಳಿಗೊಮ್ಮೆ ಕೊಯ್ಯಿಸದಿದ್ದರೆ ಬಲಿತ ಕಾಯಿಯೂ ಒಣ ಮಡಲೂ ಮಕ್ಕಳು ಆಡುವ ಜಾಗಕ್ಕೇ ಬೀಳುತ್ತವೆ. ಕೀ ಪಡೆದ ದಿನವೇ ಪಶ್ಚಿಮದ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿಡಿ.

ಮೀನು ತರುವ ಮನೆಯಾದರೆ ಒಂದು ಮಾತು: ಅದರ ತ್ಯಾಜ್ಯವನ್ನು ಕಾಗದದಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಿ. ಬೆಳಗ್ಗೆ ಕಸದ ಗಾಡಿ ಬಂದಾಗ ಹಸಿ ಕಸದ ಜೊತೆ ಕೊಟ್ಟರಾಯಿತು. ರಾತ್ರಿಯೇ ಗೇಟಿನ ಹೊರಗಿಟ್ಟರೆ ನಾಯಿಗಳು ಬೀದಿ ತುಂಬ ಎಳೆದಾಡುತ್ತವೆ.